ಭಾನುವಾರದ ಕಾಡುಸ್ನಾನ

ಹೊಳನಗದ್ದೆಯ ಮಾಲಿನಿಗೆ ಮೊದಲು ಅನುಮಾನ ಬಂದದ್ದು ಗಂಡನ ಅಂಗಿಯಿಂದ.

ಮದುವೆಯಾದಾಗಿನಿಂದ ನಿತ್ಯಾನಂದ ತನ್ನ ಬಟ್ಟೆಯನ್ನು ತಾನು ಒಗೆದುಕೊಂಡವನಲ್ಲ. ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸುವುದು, ಅಲ್ಲಿಗೆ ಅವನ ಕೆಲಸ ಮುಗಿಯಿತು. ಅಂಥವನು ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೊರಗಿನಿಂದ ಬಂದವನೇ ನೇರ ಬಚ್ಚಲಿಗೆ ಹೋದ. ಹಂಡೆಯ ಬಿಸಿನೀರನ್ನು ಬಕೆಟ್ಟಿಗೆ ಸುರಿದು ಅಂಗಿ, ಪ್ಯಾಂಟು ಎರಡನ್ನೂ ಅದರಲ್ಲಿ ಮುಳುಗಿಸಿದ. ತಲೆಗೆ ನೀರು ಹಾಕಿಕೊಂಡ. ಆಮೇಲೆ ಬಟ್ಟೆಯನ್ನು ತಾನೇ ಹಿಂಡಿ ಹಗ್ಗದ ಮೇಲೆ ಹರವಿದ.

"ಎಂತ ಇವತ್ತು ಹೊಸ ನಮೂನೆ?" ಎಂದು ಮಾಲಿನಿ ಕೇಳಿದಳು.

"ಮಣ್ಣಾಗಿತ್ತು" ಎಂದ.

ಅಂಗಿಯ ಮೇಲೆ ಮಣ್ಣು ಇದ್ದದ್ದನ್ನು ಮಾಲಿನಿ ಕಂಡಿರಲಿಲ್ಲ. ಮುಂದಿನ ಭಾನುವಾರವೂ ಹಾಗೇ ಆಯಿತು. ಆ ದಿನ ಅವನು ಬಾಗಿಲು ದಾಟಿ ಒಳಗೆ ಬರುವಾಗ ಮೈಯಿಂದ ಏನೋ ಒಂದು ಘಾಟು ವಾಸನೆ ಬಂತು. ಸಾಬೂನಿನದಲ್ಲ, ಬೀಡಿಯದಲ್ಲ, ಸಾರಾಯಿಯದೂ ಅಲ್ಲ. ಅವನು ಹೊರಗಿದ್ದಾಗ ಯಾವುದೋ ಕೆಲಸಕ್ಕೆ ಅವಳು ಫೋನು ಮಾಡಿದರೆ ಸ್ವಿಚ್ ಆಫ್. ಟೆಂಪೋ ಓಡಿಸುವವನ ಫೋನು ಸ್ವಿಚ್ ಆಫ್ ಆಗುವುದೆಂದರೆ ಸಣ್ಣ ಮಾತಲ್ಲ. ಆ ಫೋನಿನಿಂದಲೇ ಬಾಡಿಗೆ ಬರುವುದು.

ನಿತ್ಯಾನಂದನದು ಸ್ವಂತ ಟೆಂಪೋ. ಕುಮಟಾದಿಂದ ಹೊನ್ನಾವರದ ಮೇಲೆ ಭಟ್ಕಳದವರೆಗೆ ಪ್ಯಾಸೆಂಜರ್ ಹಾಕಿಕೊಂಡು ಹೋಗಿ ಬರುತ್ತಿದ್ದ. ನಗುನಗುತ್ತ ಮಾತಾಡುವ ಮನುಷ್ಯ. ಮುದುಕಿಯರನ್ನು ಮನೆಯ ಬೇಲಿಯ ದಣಪೆಯ ಮುಂದೆಯೇ ಇಳಿಸಿ ಹೋಗುವವನು ಎಂದು ಹೆಸರು. ಆದರೆ ಕಳೆದ ಮಳೆಗಾಲದಿಂದ ಅವನು ಬದಲಾಗಿದ್ದ.

ಆಷಾಢದ ಒಂದು ಸಂಜೆ, ಹೊನ್ನಾವರ ದಾಟಿದ ಮೇಲೆ ಒಂದು ತಿರುವಿನಲ್ಲಿ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಸ್ಕೂಟಿ ಜಾರಿ ಇವನ ಟೆಂಪೋ ಎದುರಿಗೇ ಬಿದ್ದಳು. ಇವನು ಬ್ರೇಕ್ ಒತ್ತಿದ. ಟೆಂಪೋ ಕಿರುಚಿಕೊಂಡು ಬಂದು ಅವಳ ತಲೆಯ ಹತ್ತಿರ ನಿಂತಿತು. ಹುಡುಗಿ ಎದ್ದಳು. ಮೊಣಕೈ ತರಚಿತ್ತು, ಅಷ್ಟೇ. ಒಳಗಿದ್ದ ಪ್ಯಾಸೆಂಜರುಗಳು "ಡ್ರೈವರಣ್ಣ, ನಿನ್ನ ಕಾಲಲ್ಲಿ ದೇವರೇ ಕೂತಿದ್ದ" ಎಂದು ಹೊಗಳಿದರು. ಒಂದು ವಾರದಲ್ಲಿ ಎಲ್ಲರೂ ಮರೆತರು.

ನಿತ್ಯಾನಂದ ಮರೆಯಲಿಲ್ಲ. ಅವನಿಗೆ ನಿದ್ರೆ ಬಾರದಾಯಿತು. ಬಿಪಿ ಏರಿ ಮಾತ್ರೆ ಶುರುವಾಯಿತು. ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದರೆ ಕುರ್ಚಿಯಿಂದ ಹಾರಿ ನಿಲ್ಲುತ್ತಿದ್ದ. ಚಿಲ್ಲರೆ ಕೊಡದ ಪ್ಯಾಸೆಂಜರ್ ಮೇಲೆ ರೇಗುತ್ತಿದ್ದ. ಭಟ್ಕಳದ ಟ್ರಿಪ್ ಬಿಟ್ಟ. ಹೊನ್ನಾವರದವರೆಗೆ ಹೋಗಿ ತಿರುಗಿ ಬರತೊಡಗಿದ. ಯಾಕೆಂದು ಕೇಳಿದರೆ "ಆ ಕಡೆ ಈಗ ಜನ ಇಲ್ಲ" ಎನ್ನುತ್ತಿದ್ದ. ಅದು ಸುಳ್ಳು ಎಂದು ಮಾಲಿನಿಗೆ ಗೊತ್ತಿತ್ತು. ಒಂದು ಸುಳ್ಳು ಹೇಳಿದವನು ಇನ್ನೊಂದು ಹೇಳಲಾರನೆ?

ಮಾವ ಲಿಂಗಪ್ಪನ ಅನುಮಾನ ಬೇರೆ ದಾರಿ ಹಿಡಿದಿತ್ತು. "ಅವನಿಗೆ ಹಾದೀಲಿ ಎಂತದೋ ಸೋಂಕಿದೆ. ಮಂತ್ರವಾದಿ ಹತ್ರ ಒಂದು ನೋಟ ನೋಡ್ಸುವಾ" ಎನ್ನುತ್ತಿದ್ದರು. ಭಾನುವಾರ ಮಗ ಬೆಟ್ಟದ ಕಡೆ ಹೋಗುವುದನ್ನು ಅವರು ಕಂಡಿದ್ದರು.

ಹೀಗಿರುವಾಗ ಒಂದು ಶನಿವಾರ ಮಾಲಿನಿ ಹಿತ್ತಿಲಲ್ಲಿ ಕಾಯಿ ತುರಿಯುತ್ತಿದ್ದಾಗ ಪಕ್ಕದ ಮನೆಯ ಹೊನ್ನಮ್ಮ ಬೇಲಿಯ ಹತ್ತಿರ ಬಂದು ನಿಂತಳು.

"ಮಾಲಿನಿ, ಹೇಳೂದೋ ಬೇಡ್ವೋ ಗೊತ್ತಾತಿಲ್ಲ."

"ಹೇಳುಕೇ ಬಂದೀರಿ ಹೊನ್ನಕ್ಕ. ಹೇಳಿ."

"ನಿನ್ನೆ ಬಿಪಿ ಮಾತ್ರೆಗೆ ಅಂತ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ನಿನ್ನ ಗಂಡನೂ ಅಲ್ಲಿದ್ದ. ಆ ಪ್ರಣಿತಾ ಸಿಸ್ಟರ್ ಬಾಗಿಲ ತನಕ ಬಂದು ಅವನಿಗೆ ಎಂತ ಹೇಳ್ತು ಗೊತ್ತುಂಟಾ? ಭಾನುವಾರ ಸ್ನಾನಕ್ಕೆ ತಪ್ಪಿಸ್ಬೇಡಿ ಅಂತ."

ಮಾಲಿನಿ ಕಾಯಿ ತುರಿಯುವುದನ್ನು ನಿಲ್ಲಿಸಿದಳು. "ಸ್ನಾನಕ್ಕಾ?"

"ಸ್ನಾನಕ್ಕೆ. ಇವ ಆತು ಅಂದ. ಅಷ್ಟೇ ಆಗಿದ್ರೆ ನಾ ಬಾಯಿ ಬಿಡ್ತಿರ್ಲಿಲ್ಲ. ಹೋದ ವಾರ ಒಣಗಿದ ಎಲೆ ದರಕು ಗುಡ್ಸುಕೆ ಅಂತ ಬೆಟ್ಟಕ್ಕೆ ಹೋದವಳು ಹಳ್ಳದ ಬದಿಗೆ ಇಬ್ರನ್ನೂ ಕಂಡೆ. ಭಾನುವಾರ ಆರೋಗ್ಯ ಕೇಂದ್ರ ಬಂದ್. ಆ ಹುಡುಗಿಗೆ ಬೆಟ್ಟದಲ್ಲಿ ಎಂತ ಕೆಲ್ಸ, ನೀನೇ ಹೇಳು."

ಪ್ರಣಿತಾ ಭಟ್ಕಳದ ಹತ್ತಿರದ ಹೆಬಳೆಯವಳು. ಊರಿನ ಆರೋಗ್ಯ ಕೇಂದ್ರಕ್ಕೆ ಬಂದು ವರ್ಷ ಕಳೆದಿತ್ತು. ಮದುವೆಯಾಗಿರಲಿಲ್ಲ. ಬಿಪಿ ನೋಡುವಾಗ ಎಲ್ಲರ ಕೈಯನ್ನೂ ಮೆತ್ತಗೆ ಹಿಡಿದು ಮಾತಾಡಿಸುತ್ತಿದ್ದಳು. ಅಲ್ಲಿಯವರೆಗೆ ಮಾಲಿನಿಗೆ ಅದು ಒಳ್ಳೆಯ ಗುಣವಾಗಿ ಕಂಡಿತ್ತು. ಈಗ ಬೇರೆಯಾಗಿ ಕಂಡಿತು.

ಸಂಜೆ ಗಂಡನಿಗೆ ಚಾ ಕೊಡುವಾಗ ಕೇಳಿದಳು. "ನಾಳೆ ಮನೇಲೇ ಇರ್ತ್ರಾ?"

"ಇಲ್ಲ. ಗಾಡಿ ಗ್ಯಾರೇಜಿಗೆ ತಗಂಡ್ ಹೋಗ್ಬೇಕು."

"ಭಾನುವಾರ ಗ್ಯಾರೇಜು ತೆಗ್ದಿರ್ತದಾ?"

ಅವನು ಚಾ ಕುಡಿದು ಲೋಟ ಕೆಳಗಿಟ್ಟು ಅಂಗಳಕ್ಕೆ ಇಳಿದ.

ಮಾಲಿನಿ ಒಳಗೆ ಹೋಗಿ ಎರಡು ಸೀರೆಯನ್ನು ಚೀಲಕ್ಕೆ ತುಂಬಿದಳು. ಕಣ್ಣಾರೆ ಕಾಣುವುದು, ಕಂಡು ಬಂದು ಚೀಲ ಎತ್ತಿಕೊಂಡು ಅಘನಾಶಿನಿಯ ತವರಿಗೆ ಹೋಗುವುದು. ಅವಳ ತೀರ್ಮಾನ ಆಗಿತ್ತು.

ಮರುದಿನ ಬೆಳಿಗ್ಗೆ ಟೆಂಪೋ ಅಂಗಳದಲ್ಲೇ ನಿಂತಿತ್ತು. ನಿತ್ಯಾನಂದ ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಗದ್ದೆಯ ಅಂಚಿನಲ್ಲಿ ನಡೆದು ಹೋದ. ಸ್ವಲ್ಪ ಬಿಟ್ಟು ಮಾಲಿನಿ ಹೊರಟಳು. ಹೊನ್ನಮ್ಮ ಬುಟ್ಟಿ, ಪೊರಕೆ ಹಿಡಿದು ಜೊತೆಗೆ ಬಂದಳು. ಯಾರಾದರೂ ಕೇಳಿದರೆ ಒಣಗಿದ ಎಲೆ ಗುಡಿಸಲು ಹೊರಟಿದ್ದೇವೆ ಎನ್ನಬಹುದಲ್ಲ.

ಗೇರುಮರಗಳು ಮುಗಿದು ಕಾಡು ಶುರುವಾಗುವಲ್ಲಿ ನಿತ್ಯಾನಂದನ ನಡಿಗೆ ನಿಧಾನವಾಯಿತು. ಮನೆಯಲ್ಲಿ ಬಚ್ಚಲಿಗೂ ಧಡಧಡ ನಡೆಯುವ ಮನುಷ್ಯ ಇಲ್ಲಿ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ. ಮುರುಗಲು ಮರದ ಒಂದು ಎಲೆ ಕಿತ್ತು ಹಿಸುಕಿ ಮೂಸಿ ನೋಡಿದ. ಒಂದು ಮತ್ತಿಮರದ ಕಾಂಡಕ್ಕೆ ಅಂಗೈ ಒತ್ತಿ ಸುಮ್ಮನೆ ನಿಂತ.

"ಯಾರನ್ನೋ ಕಾಯ್ತಿದ್ದ" ಎಂದು ಹೊನ್ನಮ್ಮ ಪಿಸುಗುಟ್ಟಿದಳು.

ಇಬ್ಬರೂ ಪೊದೆಯ ಹಿಂದೆ ನಿಂತರು. ಹಳ್ಳದ ಹತ್ತಿರ ಒಂದು ಬಂಡೆಯ ಮೇಲೆ ಪ್ರಣಿತಾ ಕೂತಿದ್ದಳು. ನಿತ್ಯಾನಂದ ಹೋಗಿ ಅವಳಿಂದ ಆಚೆ, ಮರದ ಬುಡದಲ್ಲಿ ಕೂತ.

"ನಾ ಹೇಳ್ಲಿಲ್ವಾ?" ಎಂದಳು ಹೊನ್ನಮ್ಮ.

ಮಾಲಿನಿ ಸರಿಯಾಗಿ ಕಾಣಬೇಕೆಂದು ಪಕ್ಕಕ್ಕೆ ಸರಿದಳು. ಆಗ ಇನ್ನೊಂದು ಮರದ ಕೆಳಗೆ ನಿವೃತ್ತ ವಿಶ್ವನಾಥ ಮಾಸ್ತರು ಕಂಡರು. ಅವರಾಚೆ ರೇಷನ್ ಅಂಗಡಿಯ ಮಹಾಲಕ್ಷ್ಮೀ. ಮೇಲಿನ ದಿಬ್ಬದಲ್ಲಿ ಇನ್ನೂ ಮೂರು ನಾಲ್ಕು ಮಂದಿ. ಒಬ್ಬೊಬ್ಬರೂ ಒಂದೊಂದು ಮರದ ಕೆಳಗೆ, ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಯಾರ ಕೈಯಲ್ಲೂ ಫೋನಿಲ್ಲ. ಯಾರೂ ಮಾತಾಡುತ್ತಿಲ್ಲ. ಕೆಲವರ ಕಣ್ಣು ಮುಚ್ಚಿತ್ತು, ಕೆಲವರು ಮೇಲೆ ಎಲೆ ನೋಡುತ್ತಿದ್ದರು.

ಒಬ್ಬ ಹೆಂಗಸಿನ ಬಗ್ಗೆ ಇದ್ದ ಅನುಮಾನ ಒಮ್ಮೆಲೇ ದೊಡ್ಡದಾಯಿತು. ಇದು ಯಾವ ಪೂಜೆ? ಯಾವ ಪಂಥ?

"ನಿಧಿ" ಎಂದಳು ಹೊನ್ನಮ್ಮ. "ನಿಧಿ ಹುಡ್ಕುದೇ ಸೈ. ಇಲ್ದಿದ್ರೆ ಮಾಸ್ತರು ಎಂತಕ್ಕೆ ಬತ್ರು?" ಹೀಗೆ ಹೇಳುತ್ತ ಹಿಂದೆ ಸರಿದವಳು ಒಣಗಿದ ಕೊಂಬೆಯೊಂದರ ಮೇಲೆ ಕಾಲಿಟ್ಟಳು. ಫಟ್ ಎಂದು ಕೊಂಬೆ ಮುರಿಯಿತು.

ಎಲ್ಲರೂ ತಿರುಗಿ ನೋಡಿದರು. ಮಾಲಿನಿ ಮಾತ್ರ ಗಂಡನನ್ನೇ ನೋಡಿದಳು. ಮುಚ್ಚಳ ಬಿದ್ದರೆ ಹಾರಿ ನಿಲ್ಲುವವನು ಇವನು. ಈಗ ಹಾರಲಿಲ್ಲ. ಕುತ್ತಿಗೆ ತಿರುಗಿಸಿ ನೋಡಿದ, ಹೆಂಡತಿಯನ್ನು ಕಂಡ, ಅಲ್ಲೇ ಕೂತ. ಮುಖ ಕೆಂಪಾಯಿತು.

ಪ್ರಣಿತಾ ಎದ್ದು ಬಂದಳು. "ಬನ್ನಿ ಅಕ್ಕ. ಕೂರಿ."

"ನಾ ಕೂರುಕೆ ಬಂದವಳಲ್ಲ. ಇಲ್ಲಿ ಎಂತ ನಡೀತದೆ ಅದನ್ನ ಹೇಳಿ. ಎಂತದು ಈ ಸ್ನಾನ?"

ಪ್ರಣಿತಾಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಹಣೆಗೆ ಕೈ ಇಟ್ಟುಕೊಂಡಳು. "ಈ ಹೆಸರು ನಾನು ಬದಲಾಯಿಸ್ಬೇಕು ಕಾಣ್ತದೆ. ಅಕ್ಕ, ಇದು ನೀರಿನ ಸ್ನಾನ ಅಲ್ಲ. ಜಪಾನ್ ದೇಶದಲ್ಲಿ ಇದಕ್ಕೆ ಕಾಡಿನ ಸ್ನಾನ ಅಂತ್ಲೇ ಹೇಳ್ತಾರೆ. ಕಾಡಿನ ಗಾಳಿ, ವಾಸನೆ, ಸದ್ದು ಇದ್ರಲ್ಲಿ ಸ್ವಲ್ಪ ಹೊತ್ತು ಮುಳುಗಿದ ಹಾಗೆ ಇರೂದು. ಕೆಲ್ಸ ಇಲ್ಲ, ಮಾತಿಲ್ಲ, ಫೋನಿಲ್ಲ. ನಿಧಾನ ನಡೆಯೂದು, ಕೂರೂದು, ನೋಡೂದು, ಕೇಳೂದು. ಅಷ್ಟೇ."

"ಅಷ್ಟಕ್ಕೆ ಮನೇಲಿ ಸುಳ್ಳು ಹೇಳ್ಬೇಕಾ? ಬಂದ ಕೂಡ್ಲೆ ಬಟ್ಟೆ ಒಗೀಬೇಕಾ? ಆ ವಾಸನೆ ಎಂತದು?"

"ಬಟ್ಟೆ ಬಿಸಿನೀರಲ್ಲಿ ಹಾಕಿ ಅಂದದ್ದು ನಾನು. ಆ ವಾಸನೆಯೂ ನಾನು ಕೊಟ್ಟ ಎಣ್ಣೆದೇ. ನಮ್ಮ ಕಡೆ ಮಂಗನ ಕಾಯಿಲೆ ಇರ್ತದಲ್ಲ, ಅದು ಕಾಡಿನ ಉಣುಗು, ಅದೇ ಉಣ್ಣೆಹುಳ, ಕಚ್ಚಿ ಬರೂದು. ಎಣ್ಣೆ ಹಚ್ಚಿದ್ರೆ ಉಣುಗು ಹತ್ತಿರ ಬರೂದು ಕಡಿಮೆ. ಮನೆಗೆ ಹೋಗಿ ಮೈ ತೊಳೆದು, ಬಟ್ಟೆ ಬಿಸಿನೀರಲ್ಲಿ ಹಾಕಿದ್ರೆ ಒಳಗೆ ಬರೂದಿಲ್ಲ. ಎಲ್ಲಾದ್ರೂ ಮಂಗ ಸತ್ತದ್ದು ಗೊತ್ತಾದ್ರೆ ನಾವು ಆ ಕಡೆಗೆ ಕಾಲೇ ಹಾಕೂದಿಲ್ಲ." ಅವಳು ಹೊನ್ನಮ್ಮನ ಬರಿಗಾಲು ನೋಡಿದಳು. "ಹೊನ್ನಮ್ಮ, ನೀವೂ ದರಕಿಗೆ ಬರುವಾಗ ಹಚ್ಚಿಕೊಳ್ಳಿ. ಕೇಂದ್ರದಲ್ಲಿ ಕೇಳಿ ತಗೊಳ್ಳಿ."

ಹೊನ್ನಮ್ಮ ಸೆರಗಿನಿಂದ ಕಾಲು ಮುಚ್ಚಿಕೊಂಡಳು.

ಮಾಲಿನಿ ಅಷ್ಟಕ್ಕೆ ಬಗ್ಗುವವಳಲ್ಲ. "ಇದ್ರ ಹಿಂದೆ ಯಾರಿದ್ದಾರೆ? ನಾಳೆ ಇಲ್ಲಿ ರೆಸಾರ್ಟು ಬತ್ತದೆ, ಬೆಟ್ಟಕ್ಕೆ ಬೇಲಿ ಬೀಳ್ತದೆ. ಮೊದ್ಲು ಹಿಂಗೇ ಕೂರ್ಸೂದು, ಆಮೇಲೆ ಟಿಕೆಟು."

"ಯಾರೂ ಇಲ್ಲ ಅಕ್ಕ. ನನ್ನ ರಜೆ ದಿನ, ನನ್ನ ಕಾಲು. ಬಿಪಿ ಇದ್ದವರು, ನಿದ್ರೆ ಬರದವರು ಕೆಲವರಿಗೆ ಹೇಳಿದೆ. ಬಂದವರು ಬಂದ್ರು."

"ಪ್ರಕೃತಿ ಪ್ರಕೃತಿ ಅಂತ್ರಿ ನೀವೆಲ್ಲ. ನಮ್ಮ ಆಯಿ ಜನ್ಮವಿಡೀ ಅಘನಾಶಿನಿ ಹೊಳೇಲಿ ಎದೆಮಟ್ಟ ನೀರಲ್ಲಿ ನಿಂತು ಬಳಚು ಚಿಪ್ಪಿ ಹೆಕ್ಕಿದಳು. ಚಿಪ್ಪು ತಾಗಿ ಕಾಲು ಕೊಯ್ತಿತ್ತು. ಅವಳಿಗೆ ಸೊಂಟನೋವು ಬಿಟ್ರೆ ಪ್ರಕೃತಿ ಎಂತ ಕೊಡ್ಲಿಲ್ಲ."

ಪ್ರಣಿತಾ, "ನೀವು ಹೇಳೂದು ಸುಳ್ಳಲ್ಲ" ಎಂದಳು. "ಅದು ದುಡಿಮೆ. ಹೊಟ್ಟೆಪಾಡು. ಅದನ್ನ ಯಾರೂ ಸ್ನಾನ ಅನ್ನೂದಿಲ್ಲ. ಆದ್ರೆ ಒಂದು ಕೇಳ್ತೆ. ಬುಟ್ಟಿ ತುಂಬಿದ ಮೇಲೆ ನಿಮ್ಮ ಆಯಿ ಸೀದಾ ಮನೆಗೆ ಬರ್ತಿದ್ರಾ?"

ಮಾಲಿನಿಗೆ ತಾಯಿಯ ಆ ದಿನಗಳು ನೆನಪಾದವು. ಆಯಿ ಸೀದಾ ಬರುತ್ತಿರಲಿಲ್ಲ. ಬುಟ್ಟಿಯನ್ನು ದಡದ ಮೇಲಿಟ್ಟು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹತ್ತಿರ, ಕಾಲಿನ ಕೆಸರು ಒಣಗುವವರೆಗೆ ಹೊಳೆ ನೋಡುತ್ತ ಕೂರುತ್ತಿದ್ದಳು. ಆಗ ಮಕ್ಕಳು ಕರೆದರೆ ಸಿಟ್ಟಾಗುತ್ತಿದ್ದಳು. "ಇಷ್ಟು ಹೊತ್ತಾರೂ ನನ್ನ ಬಿಡಿ" ಎನ್ನುತ್ತಿದ್ದಳು.

ಮಾಲಿನಿ ಅದನ್ನು ಪ್ರಣಿತಾಳಿಗೆ ಹೇಳಲಿಲ್ಲ. "ಇವರು ನನ್ನ ಹತ್ರ ಎಂತಕ್ಕೆ ಹೇಳ್ಲಿಲ್ಲ?" ಎಂದಷ್ಟೇ ಕೇಳಿದಳು.

"ಅದನ್ನ ಅವರ ಹತ್ರವೇ ಕೇಳ್ಬೇಕು. ಮನೆಯವರನ್ನ ಕರ್ಕೊಂಡು ಬನ್ನಿ ಅಂತ ನಾನು ಪ್ರತಿ ಸಲ ಹೇಳಿದ್ದೆ."

ನಿತ್ಯಾನಂದ ನೆಲ ನೋಡುತ್ತ ಹೇಳಿದ: "ಟೆಂಪೋ ಸ್ಟ್ಯಾಂಡಲ್ಲಿ ಗೊತ್ತಾದ್ರೆ ನಗ್ತ್ರು. ಮನೇಲೂ ನಗ್ತ್ರಿ ಅಂದ್ಕಂಡೆ."

ಆ ದಿನ ಮಾಲಿನಿ ತವರಿಗೆ ಹೋಗಲಿಲ್ಲ. ಆದರೆ ಚೀಲ ಬಿಚ್ಚಲೂ ಇಲ್ಲ. ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಲಿಂಗಪ್ಪ ಸಂಗತಿ ಕೇಳಿ ತಲೆ ಅಲ್ಲಾಡಿಸಿದರು. "ಕೂತ್ರೆ ಗುಣ ಆಗೂದಾದ್ರೆ ನಮ್ಮೂರ ಕಟ್ಟೆ ಮೇಲೆ ಕೂತವರೆಲ್ಲ ಪೈಲ್ವಾನರಾಗಿರ್ಬೇಕಿತ್ತು" ಎಂದರು.

ಮುಂದಿನ ಭಾನುವಾರ ಮಾಲಿನಿ ಗಂಡನ ಜೊತೆಗೇ ಹೋದಳು. ಕಾಡು ನೋಡಲಿಕ್ಕಲ್ಲ, ಕಾವಲಿಗೆ. ಪ್ರಣಿತಾ ತೋರಿಸಿದ ಮರದ ಕೆಳಗೆ ಕೂತು ಪ್ರಣಿತಾಳನ್ನೇ ನೋಡಿದಳು. ಆ ಹುಡುಗಿ ಯಾರ ಹತ್ತಿರವೂ ಹೋಗಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ತಾನೂ ಎಲ್ಲರ ಹಾಗೆ ಕೂತಳು. ನೋಡಿ ನೋಡಿ ಮಾಲಿನಿಗೆ ಬೇಸರ ಬಂತು. ಕಾಲಿಗೆ ಇರುವೆ ಹತ್ತಿತು. ದೋಸೆ ಹಿಟ್ಟು ಹುಳಿಯಾಗಿರಬಹುದು ಎಂದು ನೆನಪಾಯಿತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಚಿಂತೆಯಾಯಿತು.

ಏಳುವಾಗ "ನಂಗೆ ಎಂತ ಆಗ್ಲಿಲ್ಲ" ಎಂದಳು.

"ಆಗ್ಲೇಬೇಕು ಅಂತ ಕೂರೂದಲ್ಲ ಅಕ್ಕ. ಮನಸ್ಸು ಮನೆಗೆ ಓಡಿದ್ರೆ ಬೈಬೇಡಿ. ಮೆಲ್ಲಗೆ ಒಂದು ಸದ್ದಿಗೆ ಕರ್ಕೊಂಡು ಬನ್ನಿ. ಹಳ್ಳದ ಸದ್ದಿಗೆ, ಹಕ್ಕಿ ಸದ್ದಿಗೆ. ಮತ್ತೆ ಓಡ್ತದೆ, ಮತ್ತೆ ಕರ್ಕೊಂಡು ಬನ್ನಿ. ಕರು ಕಾದ ಹಾಗೆ."

ಆಮೇಲಿನ ವಾರಗಳಲ್ಲೂ ಮಾಲಿನಿ ಹೋದಳು. ಯಾಕೆ ಹೋಗುತ್ತೀ ಎಂದು ಹೊನ್ನಮ್ಮ ಕೇಳಿದರೆ "ಕಣ್ಣಿಡ್ಬೇಕಲ್ಲ" ಎನ್ನುತ್ತಿದ್ದಳು. ಆದರೆ ಭಾನುವಾರ ಎದ್ದಾಗ ಕಾಲು ತಾನಾಗಿ ಚಪ್ಪಲಿ ಬಿಟ್ಟು ಬೂಟು ಹುಡುಕತೊಡಗಿತ್ತು. ಮರದ ತೊಗಟೆ ಬಿಸಿಲು ಬಿದ್ದ ಕಡೆ ಬೆಚ್ಚಗೆ, ಆಚೆ ಕಡೆ ತಂಪಾಗಿರುತ್ತದೆ ಎನ್ನುವುದು ಇಷ್ಟು ವರ್ಷ ಬೆಟ್ಟದ ಬುಡದಲ್ಲೇ ಇದ್ದ ಅವಳಿಗೆ ಹೊಸದಾಗಿ ಗೊತ್ತಾಯಿತು.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಭಾನುವಾರ ಗಂಡ ಹೆಂಡತಿ ಒಂದೇ ಮರದ ಕೆಳಗೆ ಕೂತಿದ್ದರು. ಮೇಲಿನಿಂದ ಒಂದು ಜೋರಾದ ಸದ್ದು ಬಂತು. ಗಾಳಿಯನ್ನು ಬಟ್ಟೆ ಹರಿದಂತೆ ಹರಿಯುವ ಸದ್ದು. ಒಂದು ಮಂಗಟ್ಟೆ ಹಕ್ಕಿ ದೊಡ್ಡ ರೆಕ್ಕೆ ಬಡಿದು ಕಾಡಿನ ಮೇಲೆ ದಾಟಿ ಹೋಯಿತು. ಇಬ್ಬರೂ ತಲೆ ಎತ್ತಿ ನೋಡಿದರು.

ಹಕ್ಕಿ ಮರೆಯಾದ ಮೇಲೆ ನಿತ್ಯಾನಂದ ಹೇಳಿದ: "ಬ್ರೇಕ್ ಒತ್ತಿದಾಗ ಹಿಂಗೇ ಜೋರಿತ್ತು. ಆದ್ರೆ ಅದು ಹೋಗ್ಲೇ ಇಲ್ಲ. ತಲೇಲೇ ನಿಂತ್ಕಂತು."

ಮಾಲಿನಿ ತಿರುಗಲಿಲ್ಲ. ತಿರುಗಿದರೆ ಅವನು ನಿಲ್ಲಿಸಿಬಿಟ್ಟಾನು ಎಂದು ಅವಳಿಗೆ ಹೇಗೋ ಗೊತ್ತಾಯಿತು.

"ಆ ಹುಡುಗಿ ಎದ್ದು ನಿಂತ್ಲು. ಸ್ಕೂಟಿ ಎತ್ತಿ ಹೋದ್ಲು. ಎಲ್ಲರೂ ಕಂಡದ್ದು ಅದನ್ನೇ. ಆದ್ರೆ ನನ್ನ ತಲೇಲಿ ಅವಳು ಏಳೂದೇ ಇಲ್ಲ ಮಾಲಿನಿ. ಕಣ್ಣು ಮುಚ್ಚಿದ್ರೆ ಸಾಕು, ಗಾಡಿ ಅಡಿಗೇ ಇರ್ತು. ಕುಕ್ಕರ್ ಸೀಟಿ ಹೊಡೆದ್ರೂ ಅದೇ, ರೈಲು ಹೋದ್ರೂ ಅದೇ."

"ಆ ದಿನವೇ ಹೇಳ್ಬಹುದಿತ್ತಲ್ಲ."

"ಎಂತ ಹೇಳೂದು? ಜನರ ಪ್ರಕಾರ ಎಂತ ಆಗ್ಲೇ ಇಲ್ಲ. ಎಂತ ಆಗದೇ ಇದ್ದದ್ದಕ್ಕೆ ಗಂಡಸಾಗಿ ಹೆದರ್ಕಂಡಿದ್ದೆ ಅಂತ ಹೆಂಗೆ ಹೇಳೂದು?"

ಇಷ್ಟು ದಿನ ಮಾಲಿನಿ ಇನ್ನೊಬ್ಬ ಹೆಂಗಸನ್ನು ಹುಡುಕಿದ್ದಳು. ಇದ್ದದ್ದು ಒಬ್ಬ ಹುಡುಗಿಯೇ ನಿಜ. ಆದರೆ ಅವಳು ರಸ್ತೆಯ ಮೇಲೆ ಬಿದ್ದೇ ಇದ್ದಳು, ಇವನೊಬ್ಬನೇ ಅವಳನ್ನು ಕಾಯುತ್ತಿದ್ದ.

ಮಾಲಿನಿ ಕೇಳಿದಳು: "ಈಗ ಎಂತ ಕೇಳ್ತದೆ?"

ಅವನು ಕಿವಿಗೊಟ್ಟ. "ಹಳ್ಳ" ಎಂದ. "ಮತ್ತೆ ಎಲ್ಲೋ ಹೊನ್ನಕ್ಕನ ಪೊರಕೆ."

ಮಾಲಿನಿ ನಕ್ಕಳು. ಅವನೂ ನಕ್ಕ. ಮನೆಗೆ ಬಂದು ಮಾಲಿನಿ ಚೀಲದಿಂದ ಸೀರೆ ತೆಗೆದು ಕಪಾಟಿನಲ್ಲಿಟ್ಟಳು.

ಕಾಡಿನಲ್ಲಿ ಕೂತದ್ದರಿಂದಲೇ ಎಲ್ಲ ಸರಿಹೋಯಿತು ಎಂದು ಪ್ರಣಿತಾ ಹೇಳಲಿಲ್ಲ. ನಿತ್ಯಾನಂದ ಹೆಂಡತಿಯ ಹತ್ತಿರ ಬಾಯಿ ಬಿಟ್ಟ ಸುದ್ದಿ ಕೇಳಿ, ಇಬ್ಬರನ್ನೂ ಕುಮಟಾದ ದೊಡ್ಡ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದಳು. ಅಪಘಾತ ಕಂಡವರಿಗೆ, ಅದರ ಅಂಚಿಗೆ ಹೋಗಿ ಬಂದವರಿಗೆ ಹೀಗಾಗುವುದುಂಟು, ಇದು ಹುಚ್ಚಲ್ಲ, ಹೇಡಿತನವೂ ಅಲ್ಲ, ಇದಕ್ಕೆ ಚಿಕಿತ್ಸೆ ಇದೆ ಎಂದು ಆ ಡಾಕ್ಟರು ಬಿಡಿಸಿ ಹೇಳಿದರು. ಬಿಪಿ ಮಾತ್ರೆ ನಿಲ್ಲಿಸಬಾರದು ಎಂದರು. ಕಾಡಿಗೆ ಹೋಗುವುದನ್ನೂ ನಿಲ್ಲಿಸಬೇಡಿ ಎಂದರು. ನಿತ್ಯಾನಂದನಿಗೆ ನಿದ್ರೆ ಮರಳಿ ಬಂತು. ಒಂದೇ ಸಲಕ್ಕಲ್ಲ. ಒಂದು ದಿನ ಬಂತು, ಎರಡು ದಿನ ಬರಲಿಲ್ಲ, ಮತ್ತೆ ಬಂತು.

ಲಿಂಗಪ್ಪ ಇನ್ನೂ ನಂಬಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಹೆಬಳೆಯಲ್ಲಿರುವ ತಂಗಿಗೆ ಹುಷಾರಿಲ್ಲ ಎಂದು ಅವರಿಗೆ ಫೋನು ಬಂತು. ಬಸ್ಸಿಗೆ ಹೋಗುತ್ತೇನೆಂದು ಅವರು ಛತ್ರಿ ಹುಡುಕುತ್ತಿದ್ದಾಗ ನಿತ್ಯಾನಂದ ಟೆಂಪೋದ ಕೀಲಿ ಕೈ ತೆಗೆದುಕೊಂಡ.

"ನಾ ಬಿಡ್ತೆ ಅಪ್ಪ. ಮಾಲಿನಿ, ನೀನೂ ಬಾ."

ಹೊನ್ನಾವರ ದಾಟುವವರೆಗೆ ಮೂವರೂ ಅದು ಇದು ಮಾತಾಡಿದರು. ಆಮೇಲೆ ಮಾಲಿನಿ ಪಕ್ಕದ ಸೀಟಿನಿಂದ ಗಂಡನ ಕೈ ನೋಡುತ್ತಿದ್ದಳು. ತಿರುವು ಬರುವ ಮೊದಲು ಅವನು ಗಾಡಿ ನಿಧಾನ ಮಾಡಿ, ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಬೆವರಿದ್ದ. ಕಿಟಕಿಯ ಹೊರಗೆ ಒಂದು ದೊಡ್ಡ ಹಲಸಿನ ಮರವಿತ್ತು. ಅವನು ಅದನ್ನು ನೋಡಿದ. ಬುಡ ನೋಡಿದ, ಕೊಂಬೆ ನೋಡಿದ, ಕಾಂಡಕ್ಕೆ ಅಂಟಿದ ಎಳೆ ಕಾಯಿ ನೋಡಿದ. ಉಸಿರು ನಿಧಾನ ಎಳೆದು ನಿಧಾನ ಬಿಟ್ಟ.

ಹಿಂದಿನ ಸೀಟಿನಿಂದ ಲಿಂಗಪ್ಪ "ಗಾಡಿ ಎಂತಕ್ಕೆ ನಿಂತ್ಕಂತು?" ಎಂದು ಕೇಳಲು ಹೊರಟವರು, ಮಗನ ಮುಖ ಕನ್ನಡಿಯಲ್ಲಿ ಕಂಡು ಸೀಟಿಗೆ ಒರಗಿದರು.

"ಇಲ್ಲೇ" ಎಂದ ನಿತ್ಯಾನಂದ.

"ಹೂಂ" ಎಂದಳು ಮಾಲಿನಿ.

ಅವನು ಗೇರು ಹಾಕಿದ. ಟೆಂಪೋ ತಿರುವು ದಾಟಿತು. ರಸ್ತೆ ಖಾಲಿ ಇತ್ತು. ಬಿಸಿಲಿತ್ತು.

ಹೆಬಳೆಯಲ್ಲಿ ಇಳಿಯುವಾಗ ಲಿಂಗಪ್ಪ ಮಗನ ಹೆಗಲ ಮೇಲೆ ಕೈ ಇಟ್ಟರು. ಅವರದು ಮಗನನ್ನು ಮುಟ್ಟಿ ಮಾತಾಡುವ ಸ್ವಭಾವವಲ್ಲ. "ಬರೂ ಭಾನುವಾರ ನಂಗೂ ಒಂದು ಮರ ತೋರ್ಸು. ಮಂಡಿ ನೋವು, ಬುಡ ಎತ್ತರ ಇದ್ದದ್ದು ಬೇಕು" ಎಂದರು.

ಈಗ ನಿತ್ಯಾನಂದನ ಟೆಂಪೋ ದಿನವೂ ಭಟ್ಕಳಕ್ಕೆ ಹೋಗುತ್ತದೆ. ಹೊನ್ನಮ್ಮ ಬೆಟ್ಟಕ್ಕೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ನಿಧಿ ಇರಲಿಕ್ಕಿಲ್ಲ ಎಂದು ಅವಳಿಗೆ ಇನ್ನೂ ಪೂರ್ತಿ ಖಾತ್ರಿಯಾಗಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೂ ಒಂದು ಮಾತು. ಕಾಡುಸ್ನಾನಕ್ಕೆ ದೂರ ಹೋಗಬೇಕಾಗಿಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ. ವಾರಕ್ಕೆ ಒಂದ್ಸಲವಾದರೂ ಮನೆಯ ಹತ್ತಿರದ ಬೆಟ್ಟಕ್ಕೋ ದೇವರಕಾಡಿಗೋ ಹೋಗಿ. ಅದಿಲ್ಲದಿದ್ದರೆ ಹೊಳೆಯ ದಡ ಆಗುತ್ತದೆ, ಶಾಲೆಯ ಅಂಗಳದ ಒಂದು ಮರವೂ ಆಗುತ್ತದೆ. ಫೋನು ಬಂದ್ ಮಾಡಿ. ನಿಧಾನ ನಡೆಯಿರಿ. ಒಂದು ಕಡೆ ಕೂತು ಅಲ್ಲಿ ಏನು ಕೇಳುತ್ತದೆ, ಏನು ಕಾಣುತ್ತದೆ, ಯಾವ ವಾಸನೆ ಬರುತ್ತದೆ ಎಂದು ಗಮನಿಸಿ. ಹೋಗುವ ಮೊದಲು ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ, ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಳ್ಳಿ. ಮೈತುಂಬ ಬಟ್ಟೆ, ಕಾಲಿಗೆ ಬೂಟು ಇರಲಿ. ಉಣುಗಿನ ಎಣ್ಣೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಕಾಡಿಗೆ ಹೋಗಬೇಡಿ, ಮಾತ್ರೆ ತೆಗೆದುಕೊಂಡೇ ಹೋಗಿ. ಮನಸ್ಸಿನ ಭಾರ ಹೊರಲಾರದಷ್ಟಾದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಈಚೆಗೆ ಮಾತು ಕಡಿಮೆ ಮಾಡಿದ್ದಾರೆಯೇ? ಅವರ ಹಿಂದೆ ಬಿದ್ದು ನೋಡುವ ಮೊದಲು, ಅವರ ಪಕ್ಕದಲ್ಲಿ ಒಂದು ಮರದ ಕೆಳಗೆ ಕೂತು ನೋಡಿ. ಏನೂ ಕೇಳಬೇಡಿ. ಹೇಳಬೇಕಾದದ್ದು ಇದ್ದರೆ ಅವರೇ ಹೇಳುತ್ತಾರೆ. ನೀವು ಎದ್ದು ಹೋಗದಿದ್ದರೆ ಸಾಕು.